ಆಟೋ ಸ್ಮೆಲ್ಟ್ ಕೇಳೋರಿಗೆಲ್ಲ ಒಂದೇ ಉತ್ತರ

ಮೈನ್‌ಕ್ರಾಫ್ಟ್ ಆಟಕ್ಕೆ ಡೇಟಾಪ್ಯಾಕ್ (ಆಟದ ನಿಯಮ ಬದಲಾಯಿಸೋ ಫೈಲ್‌ಗಳ ಕಟ್ಟು) ಬರೀತೀನಿ, ಒಂದು ಚಿಕ್ಕ ಸರ್ವರ್ ನೋಡ್ಕೋತೀನಿ ಅಂತ ಗೊತ್ತಾದಾಗಿಂದ "ಹೊಸ ಎನ್‌ಚಾಂಟ್ಮೆಂಟ್ ಐಡಿಯಾ ಇದೆ" ಅಂತ ಮೆಸೇಜ್ ಬರೋದು ನಿಂತೇ ಇಲ್ಲ. ಎನ್‌ಚಾಂಟ್ಮೆಂಟ್ ಅಂದ್ರೆ ಆಟದ ಸಾಮಾನಿಗೆ ಹಾಕೋ ಮಾಂತ್ರಿಕ ಶಕ್ತಿ. ಹತ್ತರಲ್ಲಿ ಏಳು ಒಂದೇ ಐಡಿಯಾ, ಆಟೋ ಸ್ಮೆಲ್ಟ್, ಅಂದ್ರೆ ಒಡೆದ ಅದಿರು ತಾನಾಗೇ ಕರಗಿ ಬೀಳೋದು. ಆನ್ವಿಲ್ ಅಂದ್ರೇನು, ಲ್ಯಾಪಿಸ್ ಎಲ್ಲಿ ಸಿಗುತ್ತೆ ಅನ್ನೋದನ್ನೆಲ್ಲ ಇಲ್ಲಿ ಹೇಳಲ್ಲ, ಆಡೋರಿಗೆ ಅದು ಗೊತ್ತಿರುತ್ತೆ.

ಪ್ರಶ್ನೆ: ಅಣ್ಣಾ, ಪಿಕ್ಯಾಕ್ಸ್‌ಗೆ ಒಂದು ಎನ್‌ಚಾಂಟ್ಮೆಂಟ್ ಯೋಚ್ನೆ ಮಾಡಿದೀನಿ. ಕಬ್ಬಿಣದ ಅದಿರು ಒಡೆದ ತಕ್ಷಣ ಇಂಗಾಟ್ (ಕರಗಿಸಿದ ಗಟ್ಟಿ) ಆಗೇ ಬೀಳ್ಬೇಕು, ಫರ್ನೇಸೇ ಬೇಡ. ಫಾರ್ಚೂನ್ (ಹೆಚ್ಚು ಬೀಳಿಸೋ ಎನ್‌ಚಾಂಟ್ಮೆಂಟ್) ಜೊತೆಗೂ ಕೆಲಸ ಮಾಡ್ಬೇಕು. ಡೇಟಾಪ್ಯಾಕ್‌ನಲ್ಲಿ ಆಗುತ್ತಾ?

ಆಗುತ್ತೆ. 2024ರ ಜೂನ್‌ನಲ್ಲಿ ಬಂದ 1.21ರಿಂದ ಜಾವಾ ಎಡಿಷನ್‌ನಲ್ಲಿ ಎನ್‌ಚಾಂಟ್ಮೆಂಟ್ ಅನ್ನೋದು ಒಂದು ಜೇಸನ್ ಫೈಲ್ (ಬರೀ ಅಕ್ಷರದ ಫೈಲ್) ಅಷ್ಟೇ, ಮಾಡ್ (ಆಟದ ಕೋಡನ್ನೇ ಬದಲಾಯಿಸೋ ಪ್ರೋಗ್ರಾಂ) ಬೇಕಿಲ್ಲ. ಆದ್ರೆ "ಐದೇ ನಿಮಿಷ, ಒಂದೇ ಫೈಲ್" ಅಂತ ವಿಡಿಯೋ ಹಾಕೋರನ್ನ ನಂಬ್ಬೇಡ ತಮ್ಮಾ, ಅವರಲ್ಲಿ ಮುಕ್ಕಾಲು ಜನ ತಾವೇ ಆಡಿ ನೋಡಿರಲ್ಲ. ಎನ್‌ಚಾಂಟ್ಮೆಂಟ್ ಫೈಲ್‌ನಲ್ಲಿ ಕರಗಿಸೋ ಎಫೆಕ್ಟ್ ಅನ್ನೋದೇ ಇಲ್ಲ. ಆ ಫೈಲ್ ಕೊಡೋದು ಹೆಸರು, ಲೆವೆಲ್, ವೇಯ್ಟ್ (ಸಿಗೋ ಸಾಧ್ಯತೆ), ಯಾವ ಐಟಂಗೆ ಹತ್ತುತ್ತೆ, ಯಾವುದರ ಜೊತೆ ಕೂಡಲ್ಲ ಅನ್ನೋದು. ಕರಗಿಸೋ ಕೆಲಸ ಆಗೋದು ಲೂಟ್ ಟೇಬಲ್‌ನಲ್ಲಿ, ಅಂದ್ರೆ ಬ್ಲಾಕ್ ಒಡೆದಾಗ ಏನು ಬೀಳ್ಬೇಕು ಅನ್ನೋ ಫೈಲ್‌ನಲ್ಲಿ: ಒಡೆದ ಟೂಲ್ ಮೇಲೆ ನಿನ್ನ ಎನ್‌ಚಾಂಟ್ಮೆಂಟ್ ಇದ್ಯಾ ಅಂತ ನೋಡಿ, ಇದ್ರೆ ಫರ್ನೇಸ್ ಸ್ಮೆಲ್ಟ್ ಅನ್ನೋ ಫಂಕ್ಷನ್ ಓಡಿಸ್ಬೇಕು. ಕಬ್ಬಿಣ, ಚಿನ್ನ, ತಾಮ್ರ, ಮೂರಕ್ಕೂ ಮಾಮೂಲಿ ಕಲ್ಲಿಂದು ಒಂದು, ಆಳದಲ್ಲಿರೋ ಡೀಪ್‌ಸ್ಲೇಟ್ ಕಲ್ಲಿಂದು ಒಂದು, ಒಟ್ಟು ಆರು ಟೇಬಲ್ ತಿದ್ದಬೇಕು. ಇನ್ನೊಂದು, ಹೊಸ ಎನ್‌ಚಾಂಟ್ಮೆಂಟ್ ಫೈಲ್ ಹಾಕಿ ರೀಲೋಡ್ ಕಮಾಂಡ್ ಕೊಟ್ರೆ ಅದು ಬರಲ್ಲ, ವರ್ಲ್ಡ್‌ನಿಂದ ಆಚೆ ಹೋಗಿ ಮತ್ತೆ ಒಳಗೆ ಬರ್ಬೇಕು. ಇದು ಗೊತ್ತಿಲ್ದೆ ರಾತ್ರಿಯೆಲ್ಲ ಫೈಲ್ ತಿದ್ದುತ್ತಾ ಕೂತೋರು ಎಷ್ಟೋ ಜನ.

ಮಾಡೋಕಾಗುತ್ತೆ ಸರಿ, ಮಾಡ್ಬೇಕಾ? ನಾನು ಒಂದ್ಸಲ ಮಾಡಿ ನಮ್ಮ ಸರ್ವರ್‌ಗೆ ಬಿಟ್ಟಿದ್ದೆ, ನೀನು ಕೇಳಿದ ಹಾಗೇನೇ, ಫಾರ್ಚೂನ್ ಜೊತೆ. ಫಾರ್ಚೂನ್ 3 ಇದ್ರೆ ಒಂದು ಕಬ್ಬಿಣದ ಅದಿರಿಗೆ ಸರಾಸರಿ 2.2 ಬೀಳುತ್ತೆ, ಅದೂ ನೇರ ಇಂಗಾಟ್. ಎಲ್ಲರಿಗೂ ಖುಷಿ. ಎರಡು ವಾರ ಕಳೆದ ಮೇಲೆ ಒಬ್ಬೊಬ್ಬರಾಗಿ "ಮೆಂಡಿಂಗ್ ಕೆಟ್ಟೋಗಿದೆ, ಪಿಕ್ಯಾಕ್ಸ್ ರಿಪೇರಿ ಆಗ್ತಿಲ್ಲ" ಅಂತ ಶುರು ಮಾಡಿದ್ರು. ಮೆಂಡಿಂಗ್ ಅಂದ್ರೆ ಎಕ್ಸ್‌ಪಿ (ಅನುಭವದ ಪಾಯಿಂಟ್) ತಗೊಂಡು ಟೂಲ್ ರಿಪೇರಿ ಮಾಡೋ ಎನ್‌ಚಾಂಟ್ಮೆಂಟ್, ಅದು ಕೆಟ್ಟಿರ್ಲಿಲ್ಲ. ಕಬ್ಬಿಣದ ಅದಿರು ಒಡೆದ್ರೆ ಎಕ್ಸ್‌ಪಿ ಸೊನ್ನೆ, ಕಬ್ಬಿಣದ ಎಕ್ಸ್‌ಪಿ ಇರೋದು ಫರ್ನೇಸ್‌ನಲ್ಲಿ, ಇಂಗಾಟ್‌ಗೆ 0.7. ಒಂದು ಸ್ಟ್ಯಾಕ್ ಅಂದ್ರೆ 64 ಕರಗಿಸಿದ್ರೆ 44.8 ಪಾಯಿಂಟ್, ಒಂದು ಪಾಯಿಂಟ್‌ಗೆ ಮೆಂಡಿಂಗ್ 2 ಡ್ಯೂರಬಿಲಿಟಿ (ಟೂಲ್‌ನ ಬಾಳಿಕೆ) ತುಂಬುತ್ತೆ, ಹತ್ರ ಹತ್ರ 90. ಆ ತೊಂಬತ್ತನ್ನ ನಾನೇ ಕಿತ್ಕೊಂಡಿದ್ದೆ, ಯಾರಿಗೂ ಹೇಳ್ದೆ.

ಅದಕ್ಕಿಂತ ಬೇಜಾರಾಗಿದ್ದು ಇನ್ನೊಂದು. ನಮ್ಮ ಸ್ಪಾನ್ (ಆಟ ಶುರುವಾಗೋ ಜಾಗ) ಹತ್ರ ಎಲ್ಲರೂ ಸೇರಿ ಕಟ್ಟಿದ್ದ ಒಂದು ಫರ್ನೇಸ್ ಮನೆ ಇತ್ತು, ಒಂದು ಗೋಡೆಗೆ ಹನ್ನೆರಡು ಫರ್ನೇಸ್, ಕೆಳಗೆ ಕಲ್ಲಿದ್ದಲ ಚೆಸ್ಟ್. ಒಂದು ಐಟಂ ಕರಗೋಕೆ 10 ಸೆಕೆಂಡ್, ಒಂದು ಕಲ್ಲಿದ್ದಲಿಗೆ 8 ಐಟಂ, ಸ್ಟ್ಯಾಕ್ ಹಾಕಿದ್ರೆ ಹತ್ತು ನಿಮಿಷದ ಮೇಲೆ ಕಾಯ್ಬೇಕು. ಆ ಕಾಯೋ ಹೊತ್ತಲ್ಲೇ ಅಲ್ಲಿ ಜನ ಮಾತಾಡ್ತಿದ್ರು, ಬುಕ್ ಕೊಟ್ಟು ಪಚ್ಚೆ ತಗೋತಿದ್ರು, ಹೊಸಬರಿಗೆ ಯಾರೋ ಒಬ್ರು ಬ್ರೆಡ್ ಕೊಡ್ತಿದ್ರು. ಆಟೋ ಸ್ಮೆಲ್ಟ್ ಬಂದ ತಿಂಗಳಲ್ಲಿ ಅಲ್ಲಿ ಒಂದು ಫರ್ನೇಸೂ ಉರೀತಿರ್ಲಿಲ್ಲ. ಚೆಸ್ಟ್ ತೆಗೆದ್ರೆ ಕಲ್ಲಿದ್ದಲು ತುಂಬಿ ಹಾಗೇ ಕೂತಿತ್ತು.

ಅದಕ್ಕೇ ಕೇಳೋದು, ನಿನ್ನ ಎನ್‌ಚಾಂಟ್ಮೆಂಟ್ ಯಾವ ಕೆಲಸ ತಪ್ಪಿಸುತ್ತೆ, ಆ ಕೆಲಸ ಇಲ್ದಿದ್ರೆ ಆಟದಲ್ಲಿ ಇನ್ನೇನು ಹೋಗುತ್ತೆ? ಆಟ ಮಾಡಿದ ಮೊಜಾಂಗ್‌ನೋರೂ ಇದೇ ಲೆಕ್ಕ ಹಾಕ್ತಾರೆ. ಬಿಲ್ಲಿನ ಮೇಲೆ ಮೆಂಡಿಂಗ್, ಇನ್ಫಿನಿಟಿ ಎರಡೂ ಮೊದಲು ಕೂಡ್ತಿತ್ತು, ಬಾಣವೂ ಮುಗಿಯಲ್ಲ ಬಿಲ್ಲೂ ಮುರಿಯಲ್ಲ. 2016ರ ಕೊನೇಲಿ 1.11.1ರಲ್ಲಿ ಬೇರೆ ಮಾಡಿದ್ರು, ಯಾವುದಾದ್ರೂ ಒಂದು ಆರಿಸ್ಕೋ ಅಂತ. ಫಾರ್ಚೂನ್ ಮತ್ತೆ ಸಿಲ್ಕ್ ಟಚ್ (ಒಡೆದ ಬ್ಲಾಕನ್ನ ಹಾಗೇ ಕೊಡೋದು) ಸಹ ಒಟ್ಟಿಗೆ ಕೂಡಲ್ಲ.

ಮಾಡ್ಲೇಬೇಕು ಅಂದ್ರೆ ನಾನು ಆಮೇಲೆ ಇಟ್ಕೊಂಡ ಹಾಗೆ ಮಾಡು. ಎಕ್ಸ್‌ಕ್ಲೂಸಿವ್ ಸೆಟ್‌ನಲ್ಲಿ (ಜೊತೆ ಕೂಡದವುಗಳ ಪಟ್ಟಿ) ಫಾರ್ಚೂನ್, ಸಿಲ್ಕ್ ಟಚ್ ಎರಡನ್ನೂ ಹಾಕು. ಎನ್‌ಚಾಂಟಿಂಗ್ ಟೇಬಲ್‌ನಲ್ಲಿ ಸಿಗದ ಹಾಗೆ ಆ ಟೇಬಲ್‌ನ ಟ್ಯಾಗ್‌ನಿಂದ (ಪಟ್ಟಿಯಿಂದ) ಆಚೆ ಇಡು, ಚೆಸ್ಟ್‌ನಲ್ಲಿ ಹುಡುಕ್ಲಿ. ಐಟಂ ಡ್ಯಾಮೇಜ್ ಎಫೆಕ್ಟ್‌ನಲ್ಲಿ 2 ಸೇರಿಸು, ಆಗ ಒಂದು ಬ್ಲಾಕ್‌ಗೆ 3 ಡ್ಯೂರಬಿಲಿಟಿ ಹೋಗುತ್ತೆ, 1561 ಇರೋ ಡೈಮಂಡ್ ಪಿಕ್ಯಾಕ್ಸ್ ಬರೀ 520 ಬ್ಲಾಕ್‌ಗೆ ಮುಗಿಯುತ್ತೆ. ದೂರದ ಗಣಿಗೆ ಹೋದಾಗ ಮಾತ್ರ ಅದನ್ನ ತೆಗೀತಾರೆ, ಮನೆ ಹತ್ರ ಇದ್ದಾಗ ಫರ್ನೇಸೇ ಲಾಭ. ನಮ್ಮಲ್ಲಿ ಈಗ ಹಾಗೇ ನಡೀತಿದೆ, ಫರ್ನೇಸ್ ಮನೇಲಿ ಮತ್ತೆ ಬೆಳಕು ಕಾಣುತ್ತೆ.

ಪ್ರಶ್ನೆ: ಸರ್, ಜಂಪ್ ಮಾಡದೆ ಒಂದು ಬ್ಲಾಕ್ ಹತ್ತೋ ಬೂಟ್ಸ್ ಮಾಡಿದ್ರೆ ಹೇಗೆ?

ಈ ಪತ್ರ ಓದಿ ನಿಜಕ್ಕೂ ಸಂತೋಷ ಆಯ್ತು, ಯಾರ ಅನ್ನಕ್ಕೂ ಕಲ್ಲು ಹಾಕದ ಐಡಿಯಾ. ಸ್ಟೆಪ್ ಹೈಟ್ ಅನ್ನೋ ಆಟ್ರಿಬ್ಯೂಟ್, ಅಂದ್ರೆ ಜಂಪ್ ಮಾಡದೆ ಹತ್ತೋ ಎತ್ತರ, 0.6 ಬ್ಲಾಕ್ ಇರುತ್ತೆ, 0.4 ಸೇರಿಸಿದ್ರೆ ಮುಗೀತು. ಬೇಲಿ 1.5 ಎತ್ತರ ಅಂತ ಲೆಕ್ಕ, ಅದನ್ನ ದಾಟೋಕಾಗಲ್ಲ, ಚಿಂತೆ ಬೇಡ. ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿದೋರಿಗೆ ಹತ್ತುವಾಗ ಬೆಳೆ ಉಳಿಯುತ್ತೆ, ಆದ್ರೆ ಕೆಳಗಿನ ಹೊಲಕ್ಕೆ ಇಳಿದಾಗ ಉತ್ತ ಮಣ್ಣು ಹಾಳಾಗೋ ಸಾಧ್ಯತೆ ಅರ್ಧಕ್ಕರ್ಧ. ಒಂದೇ ಒಂದು ಎಚ್ಚರಿಕೆ, ಲಾವಾ ತುಂಬಿರೋ ನೆದರ್ ಲೋಕದಲ್ಲಿ ಹಾಕ್ಕೋಬೇಡಿ. ಲಾವಾ ಅಂಚಲ್ಲಿ ಬೀಳದಿರ್ಲಿ ಅಂತ ಎಲ್ಲರೂ ಒಂದು ಬ್ಲಾಕ್ ಎತ್ತರದ ಗೋಡೆ ಕಟ್ಟಿರ್ತೀವಿ, ಈ ಬೂಟ್ಸ್ ಹಾಕಿದ್ರೆ ಮುಂದೆ ಹೋಗೋ ಬಟನ್ ಹಿಡಿದೋರು ಆ ಗೋಡೆ ಹತ್ತಿ ಆ ಕಡೆಗೇ ಇಳೀತಾರೆ. ನಾನು ಹಾಗೇ ಒಂದು ಪೂರ್ತಿ ಡೈಮಂಡ್ ಸೆಟ್ ಸುಟ್ಕೊಂಡೆ, ಬೇರೆಯವರಿಗೆ ಆಗೋದು ಬೇಡ.

ಪ್ರಶ್ನೆ: ರಾತ್ರಿ ಹೊತ್ತು ಎನ್‌ಚಾಂಟಿಂಗ್ ಟೇಬಲ್ ಒಡೆದು ಮತ್ತೆ ಇಟ್ರೆ ಒಳ್ಳೆ ಎನ್‌ಚಾಂಟ್ ಬರುತ್ತಂತೆ?

ಸುಳ್ಳು. ಸೀಡ್ (ಯಾವುದು ಸಿಗುತ್ತೆ ಅಂತ ನಿರ್ಧರಿಸೋ ಸಂಖ್ಯೆ) ಇರೋದು ನಿಮ್ಮ ಹತ್ರ, ಟೇಬಲ್ ಹತ್ರ ಅಲ್ಲ, ಏನಾದ್ರೂ ಒಂದನ್ನ ಎನ್‌ಚಾಂಟ್ ಮಾಡೋವರೆಗೂ ಅದು ಬದಲಾಗಲ್ಲ.

ಪ್ರಶ್ನೆ: ಟೇಬಲ್ ಮೇಲಿನ ಆ ಲಿಪಿ ಓದೋಕೆ ಕಲಿತ್ರೆ ಮುಂಚೆನೇ ಗೊತ್ತಾಗುತ್ತಾ?

ಇಲ್ಲ. ಅಕ್ಷರ ಓದ್ಬೋದು, ಆದ್ರೆ ಪದಗಳು ಸುಮ್ನೆ ಒಂದು ಪಟ್ಟಿಯಿಂದ ಬರೋವು, ಸಿಗೋ ಎನ್‌ಚಾಂಟ್‌ಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಶಾರ್ಪ್‌ನೆಸ್ 1000 ಇರೋ ಕತ್ತಿ?

ಮ್ಯಾಕ್ಸ್ ಲೆವೆಲ್ 255, ಅದೂ ಬೇಡ.

ಪ್ರಶ್ನೆ: ನೂರು ಹೊಸ ಎನ್‌ಚಾಂಟ್ಮೆಂಟ್ ಫ್ರೀ ಅಂತ ಒಂದು ಜಾರ್ ಫೈಲ್ ಲಿಂಕ್ ಬಂದಿದೆ, ಹಾಕ್ಲಾ?

ಬೇಡ, ಬೇಡ, ಬೇಡ. ಡೇಟಾಪ್ಯಾಕ್ ಬಿಚ್ಚಿದ್ರೆ ಒಳಗೆ ಏನಿದೆ ಅಂತ ಕಣ್ಣಲ್ಲೇ ಓದ್ಬೋದು, ಜಾರ್ ಫೈಲ್ ಅಂದ್ರೆ ನಿಮ್ಮ ಕಂಪ್ಯೂಟರ್‌ನಲ್ಲಿ ಓಡೋ ಪ್ರೋಗ್ರಾಂ. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಅನ್ನೋ ಮಾಲ್‌ವೇರ್ ಹೆಸರುವಾಸಿ ಸೈಟ್‌ಗಳಲ್ಲಿದ್ದ ಮಾಡ್‌ಗಳೊಳಗೇ ಸೇರ್ಕೊಂಡು ಲಾಗಿನ್‌ಗಳನ್ನ ಕದೀತಿತ್ತು, ಇನ್ನು ಯಾರೋ ಕಳಿಸಿದ ಲಿಂಕ್ ಅಂದ್ರೆ ಏನು ಹೇಳೋದು. ಈಗಾಗ್ಲೇ ತೆರೆದಿದ್ರೆ ಆ ಕಂಪ್ಯೂಟರ್ ನೆಟ್ ತೆಗೀರಿ, ಬೇರೆ ಕಂಪ್ಯೂಟರ್ ಇಲ್ಲ ಫೋನಿಂದ ಪಾಸ್‌ವರ್ಡ್ ಎಲ್ಲ ಬದಲಾಯ್ಸಿ, ಮನೇಲಿ ದೊಡ್ಡೋರಿಗೆ ಇವತ್ತೇ ಹೇಳಿ.