ಶಿಬಿರದ ಕೈಯಂತ್ರ ತೋರಿಸುವ ಕ್ರಿಯಾಟಿನಿನ್ ಅಂಕಿಯನ್ನು ಎಷ್ಟು ನಂಬಬಹುದು?

ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ ಗೋಡಂಬಿ ತೋಟದ ಕೆಲಸ ಮಾಡುವ ನಿಮ್ಮ 40 ವರ್ಷದ ಭಾವನವರಿಗೆ, ಸಂಜೆಯ ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿದಾಗ ಕ್ರಿಯಾಟಿನಿನ್ (ಮೂತ್ರಪಿಂಡಗಳು ರಕ್ತದಿಂದ ಸೋಸಿ ಹೊರಹಾಕುವ ತ್ಯಾಜ್ಯ) 1.6 ಮಿ.ಗ್ರಾಂ/ಡೆ.ಲೀ. ಬಂದಿದೆ, ಮೂತ್ರಪಿಂಡ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಆ ಒಂದೇ ಅಂಕಿಯಿಂದ ಹಾಗೆ ತೀರ್ಮಾನಿಸಲಾಗದು, ಕಡೆಗಣಿಸಲೂ ಬಾರದು.

ಇಂತಹ ಯಂತ್ರಗಳ ನಿಜವಾದ ತೊಡಕಿರುವುದು ಗಡಿಯಂಚಿನ ಅಂಕಿಗಳಲ್ಲಿ. ಕ್ರಿಯಾಟಿನಿನ್, ವಯಸ್ಸು, ಲಿಂಗ ನೋಡಿ ಮೂತ್ರಪಿಂಡದ ಕೆಲಸವನ್ನು ಅಂದಾಜಿಸುವ 2021ರ ಸಿಕೆಡಿ-ಇಪಿಐ ಸೂತ್ರದಂತೆ ಈ ವಯಸ್ಸಿನ ಗಂಡಸಿಗೆ ಕ್ರಿಯಾಟಿನಿನ್ 1.3 ಇದ್ದರೆ ಮೂತ್ರಪಿಂಡದ ಶೋಧನಾ ಪ್ರಮಾಣ (ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತದೆ ಎಂಬ ಅಂದಾಜು) ಸುಮಾರು 71, 1.6 ಇದ್ದರೆ ಸುಮಾರು 55. ಅಂದರೆ ಕೇವಲ 0.3ರ ವ್ಯತ್ಯಾಸ, ಮೂತ್ರಪಿಂಡದ ಕೆಲಸ ತಗ್ಗಿದೆ ಎನ್ನಲು ಬಳಸುವ 60ರ ಗೆರೆಯನ್ನು ದಾಟಿಸಿಬಿಡುತ್ತದೆ. ಬೆವರು, ಮಣ್ಣು ಮೆತ್ತಿದ ಬೆರಳನ್ನು ಸರಿಯಾಗಿ ತೊಳೆದು ಒರೆಸದಿದ್ದರೆ, ಹನಿ ಬರಲೆಂದು ಬಲವಾಗಿ ಹಿಂಡಿದರೆ, ಅಥವಾ ಪರೀಕ್ಷಾ ಪಟ್ಟಿಗಳು ಬಿಸಿಲಲ್ಲಿ ಕಾದಿದ್ದರೆ ಅಷ್ಟು ತಪ್ಪಾಗುವುದು ಅಸಂಭವವೇನಲ್ಲ.

ಇದಕ್ಕಿಂತ ಮುಖ್ಯವಾದುದು ರಕ್ತ ತೆಗೆದ ಹೊತ್ತು. ದಿನವಿಡೀ ಸೆಕೆಯಲ್ಲಿ ದುಡಿದು ನೀರಿನಂಶ ಕಳೆದುಕೊಂಡವರಲ್ಲಿ ಯಂತ್ರ ಸರಿಯಾಗಿಯೇ ಅಳೆದರೂ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರಿರಬಹುದು. ಇದನ್ನು ವಿವರಿಸದೆ ಅಂಕಿಯನ್ನಷ್ಟೇ ಚೀಟಿಯಲ್ಲಿ ಬರೆದು ಕಳುಹಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ಒಂದೆರಡು ದಿನ ಕೆಲಸಕ್ಕೆ ಬಿಡುವು ಕೊಟ್ಟು, ಬೆಳಿಗ್ಗೆ ಪ್ರಯೋಗಾಲಯದಲ್ಲಿ ತೋಳಿನ ರಕ್ತನಾಳದಿಂದ ರಕ್ತ ಕೊಟ್ಟು ಪರೀಕ್ಷಿಸಿಕೊಳ್ಳಲಿ. ಆಗಲೂ ಹೆಚ್ಚಿದ್ದರೆ ವೈದ್ಯರನ್ನು ಕಂಡು, ಮೂರು ತಿಂಗಳ ನಂತರ ಮತ್ತೆ ನೋಡಿಸಬೇಕು. ಏಕೆಂದರೆ ದೀರ್ಘಕಾಲದ ಕಾಯಿಲೆ ಎನ್ನಲು ಅಷ್ಟು ಅವಧಿಯ ಆಧಾರ ಬೇಕು. ಮೂತ್ರದಲ್ಲಿ ಪ್ರೋಟೀನ್ ಇಲ್ಲವೆಂದು ನಿಶ್ಚಿಂತರಾಗಬೇಡಿ. ಉದ್ದಾನಂನಂತಹ ಕಡೆ ಕೃಷಿ ಕಾರ್ಮಿಕರಲ್ಲಿ ಕಾಣುವ ಮೂತ್ರಪಿಂಡದ ಕಾಯಿಲೆಯಲ್ಲಿ ಅದು ಹೆಚ್ಚಾಗಿ ಕಾಣಿಸುವುದಿಲ್ಲ. ಮೂತ್ರ ಕಡಿಮೆಯಾಗಿದ್ದರೆ ಅಥವಾ ವಾಂತಿ, ಊತ ಇದ್ದರೆ ಕಾಯದೆ ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ.