ಚೀಟಿ ಬರುವ ಮುಂಚೆ

*ಪತ್ರ:* ‘ಇಂಗ್ಲೆಂಡಿನ ರಾಕ್ ತಂಡ ರೇಡಿಯೊಹೆಡ್‌ನ ಗಾಯಕ ಟಾಮ್ ಯಾರ್ಕ್, ಗಿಟಾರಿನ ಜಾನಿ ಗ್ರೀನ್‌ವುಡ್ ಸೇರಿ ದಿ ಸ್ಮೈಲ್ ಅಂತ ಇನ್ನೊಂದು ತಂಡ ಕಟ್ಟಿದ್ದಾರೆ. ನಮ್ಮಣ್ಣನಿಗೆ ಅದೇ ಜಾಸ್ತಿ ಇಷ್ಟ. ನನಗೆ ಅದು ರೇಡಿಯೊಹೆಡ್‌ನ ತಂಗಳು ಅನ್ನಿಸುತ್ತದೆ. ತೀರ್ಪು ನೀವೇ ಹೇಳಿ.’ – ಓದುಗ, ಸೇಡಂ ರಸ್ತೆ, ಕಲಬುರಗಿ

*ಉತ್ತರ:* ನಾನು ನಿಮ್ಮಣ್ಣನ ಕಡೆ. ಬೇಜಾರಾಗಬೇಡಿ.

ರೇಡಿಯೊಹೆಡ್ ದೊಡ್ಡದು, ಒಪ್ಪಿದೆ. ಶಾಲೆಯಲ್ಲಿ ಜೊತೆಯಾದ ಐವರು ಒಂಬತ್ತು ಆಲ್ಬಂ ಮಾಡಿದ್ದು ಸಣ್ಣ ಮಾತಲ್ಲ. ಆದರೆ ಅದಕ್ಕೆ 1993ರಿಂದ 2016ರವರೆಗೆ ಹಿಡಿಯಿತು. ದಿ ಸ್ಮೈಲ್ 2022ರ ಮೇ ತಿಂಗಳಿಂದ 2024ರ ಅಕ್ಟೋಬರ್ ಒಳಗೆ ಮೂರು ತಂದಿತು. ಒಂದೆರಡು ಹಾಡು ಹಳೆಯವೇ, ನಿಜ. ಬರೀ ತಂಗಳಲ್ಲಿ ಮೂರು ಪಂಕ್ತಿ ಊಟ ಆಗುತ್ತದೇನ್ರೀ?

ಡ್ರಮ್ ಮೇಲೆ ಕಿವಿ ಇಟ್ಟು ಕೇಳಿ. ಅಲ್ಲಿ ಕೂತಿರುವುದು ಟಾಮ್ ಸ್ಕಿನ್ನರ್, ಜಾಜ್ ಕೈ. ಆತ ಮೊದಲಿದ್ದ ಸನ್ಸ್ ಆಫ್ ಕೆಮೆಟ್ ತಂಡದಲ್ಲಿ ಗಿಟಾರೇ ಇರಲಿಲ್ಲ. ಎರಡು ಡ್ರಮ್, ಒಂದು ಸ್ಯಾಕ್ಸೊಫೋನ್, ಒಂದು ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಕಹಳೆ, ಅಷ್ಟೇ. ತಾಳದವನು ಬದಲಾದರೆ ಹಾಡುವವನ ಉಸಿರೂ ಬದಲಾಗುತ್ತದೆ.

ಇದನ್ನು ನಾನು ಕಲಿತದ್ದು ಆಳಂದದ ಕಡೆಯ ನಮ್ಮೂರಲ್ಲಿ. ಒಬ್ಬ ಮುತ್ಯಾ ಅಮವಾಸ್ಯೆ ಭಜನೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ. ಮೊಹರಂ ಬಂತೆಂದರೆ ಅಲಾವಿಯ ಬೆಂಕಿ ಕುಣಿ ಮುಂದೆ ರಿವಾಯತ್, ಅಂದರೆ ಮೊಹರಂ ಪದ, ಹಾಡುತ್ತಿದ್ದ. ‘ಅಲ್ಲಿ ಹಾಡಿ ಹಾಡಿ ದನಿ ಕೆಡಸ್ಕೊಂಡ’ ಅಂತ ಭಜನೆಯವರ ತಕರಾರು. ಒಂದು ವರ್ಷ ಮೊಹರಂ ಆದಮೇಲೆ ಭಜನೆಗೆ ಬಂದವನು ಪಲ್ಲವಿಯ ಕೊನೆಯನ್ನು ರಿವಾಯತ್‌ನಂತೆ ಎಳೆದುಬಿಟ್ಟ. ತಾಳ ಹಾಕುವವನ ಎರಡೂ ಕೈ ಗಾಳಿಯಲ್ಲೇ ನಿಂತವು. ಆಮೇಲೆ ಊರಿನ ಎಲ್ಲರೂ ಆ ಪದವನ್ನು ಹಾಗೇ ಎಳೆದು ಹಾಡತೊಡಗಿದರು!

ಗ್ರೀನ್‌ವುಡ್ ಕೂಡ 2015ರಲ್ಲಿ ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಕವ್ವಾಲರ ಜೊತೆ ಕೂತು ‘ಜುನೂನ್’ ಆಲ್ಬಂಗೆ ನುಡಿಸಿದವರು. ಬಂದೇನವಾಜರ ಉರುಸಿನಲ್ಲಿ ಕವ್ವಾಲಿ ಕೇಳಿದ ನಿಮಗೆ ಆ ಚಪ್ಪಾಳೆಯ ಲೆಕ್ಕ ಗೊತ್ತೇ ಇರುತ್ತದೆ. ಅದಾದ ಮರುವರ್ಷವೇ ರೇಡಿಯೊಹೆಡ್ ಆಲ್ಬಂ ಬಂತು. 2025ರ ನವೆಂಬರ್‌ನಲ್ಲಿ, ಏಳು ವರ್ಷದ ಮೇಲೆ, ಐವರೂ ಮತ್ತೆ ವೇದಿಕೆ ಹತ್ತಿದರು. ಯಾರೂ ಮನೆ ಬಿಟ್ಟು ಓಡಿಹೋಗಿರಲಿಲ್ಲ, ಅಲ್ವಾ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ‘ಹಳೇದೇ ಹಾಡು’ ಅನ್ನುವ ನಮ್ಮೆಲ್ಲರ ಚಟದ ಮೇಲೆ. ಗಣಪತಿ ಹಬ್ಬದ ಆರ್ಕೆಸ್ಟ್ರಾ ನೋಡಿದ್ದೀರಲ್ಲ. ಮುಂದಿನ ಸಾಲಿನಿಂದ ಚೀಟಿ ಹೋಗುತ್ತದೆ. ವರ್ಷ ವರ್ಷವೂ ಅವೇ ಹತ್ತು ಹಾಡು. ಹೋದ ವರ್ಷ ನಾನು ಸುಮ್ನೆ ಬೇಗ ಹೋಗಿ ಕೂತಿದ್ದೆ. ಕುರ್ಚಿ ಇನ್ನೂ ಹಾಕುತ್ತಿದ್ದರು. ಸೌಂಡ್ ಚೆಕ್ ನೆಪದಲ್ಲಿ ಕೀಬೋರ್ಡ್ ಹುಡುಗ ಎಲ್ಲೂ ಕೇಳಿರದ ಒಂದು ಧಾಟಿ ನುಡಿಸಿದ. ಯಾರದಪ್ಪಾ ಇದು ಅಂದೆ. ‘ನಂದೇರಿ’ ಅಂದ, ನಾಚಿಕೊಂಡು. ಇನ್ನೊಮ್ಮೆ ನುಡಿಸು ಅನ್ನುವಷ್ಟರಲ್ಲಿ ಜನ ಬಂದರು. ಮೊದಲ ಚೀಟಿಯೂ ಬಂತು.