ಪ್ರತಿಕ್ರಿಯೆ: ಅಮ್ಮನ ಜೊತೆ ಒಂದೇ ಭಾನುವಾರ, ಮೈಸೂರಿನ ಜೊತೆ ಶ್ರೀರಂಗಪಟ್ಟಣ ಆಗುತ್ತಾ?

ಧಾರಾಳವಾಗಿ ಆಗುತ್ತೆ. ಅಮ್ಮನಿಗೆ ಮಂಡಿನೋವು ಅಂದಿದ್ದೀರಲ್ಲ, ಹಾಗಾಗಿ ಬೆಳಿಗ್ಗೆಯೇ ಶ್ರೀರಂಗಪಟ್ಟಣ ಮುಗಿಸಿಬಿಡಿ. ಮೈಸೂರಿಂದ ಹೆಚ್ಚೂಕಮ್ಮಿ 15 ಕಿ.ಮೀ. ಅಷ್ಟೇ. ಮೊದಲು ರಂಗನಾಥಸ್ವಾಮಿ ದರ್ಶನ ಮಾಡಿಸಿ, ಮಧ್ಯಾಹ್ನ ಬಾಗಿಲು ಹಾಕ್ತಾರೆ.

ಆಮೇಲೆ ದರಿಯಾ ದೌಲತ್. ಇಲ್ಲಿ ಮಾತ್ರ ಅವಸರ ಮಾಡಬೇಡಿ ದಯವಿಟ್ಟು. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಬೇಸಿಗೆ ಅರಮನೆ ಇದು. ಬಹಳ ಜನ ಒಳಗೆ ಒಂದು ಸುತ್ತು ಹಾಕಿ ಹೊರಟುಬಿಡ್ತಾರೆ, ನನಗದು ನಿಜಕ್ಕೂ ಬೇಜಾರು. ಪಶ್ಚಿಮದ ಗೋಡೆಯ ಮುಂದೆ ನಿಲ್ಲಿ: ಹೈದರ್, ಟಿಪ್ಪು ಸೇರಿ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇಡೀ ಗೋಡೆ ತುಂಬಿದೆ. ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ದಂಡನಾಯಕ ಕರ್ನಲ್ ಬೇಯ್ಲಿ, ಸುತ್ತ ಚೌಕಾಕಾರವಾಗಿ ನಿಂತ ಕೆಂಪಂಗಿ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲಾ ಸಿಗುತ್ತೆ. ರಾಜಧಾನಿಯಾಗಿದ್ದ ಊರಿನ ಗತ್ತು ನನಗೆ ಕಾಣೋದು ಆ ಗೋಡೆಯಲ್ಲೇ.

ಟಿಪ್ಪುವಿನ ಸಮಾಧಿ ಇರುವ ಗುಂಬಜ್ ಹತ್ತಿರದಲ್ಲೇ ಇದೆ. ಸುಸ್ತಾದರೆ ಬಿಡಿ.

ಊಟ, ವಿಶ್ರಾಂತಿ ಮುಗಿಸಿ ಸಂಜೆಗೆ ಮೈಸೂರು ಅರಮನೆ. ಭಾನುವಾರವಾದ್ದರಿಂದ ಕತ್ತಲಾದ ಮೇಲೆ ದೀಪಾಲಂಕಾರವೂ ಸಿಗುತ್ತೆ. ಒಳಗೆ ಬರಿಗಾಲಲ್ಲಿ ನಡೆಯಬೇಕು, ಅಮ್ಮನಿಗೆ ದಪ್ಪ ಕಾಲುಚೀಲ ತನ್ನಿ.